ಪ್ರಾರ್ಥನೆ, ಪಥ್ಯ ಮತ್ತು ನಡಿಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾಡಲ್‌ಬ್ಯಾಕ್ ಚರ್ಚಿನ ಸಭಾಪಾಲಕರಾಗಿದ್ದ ರಿಕ್ ವಾರನ್ 2010ರಲ್ಲಿ ಒಂದೇ ದಿನ 800ಕ್ಕೂ ಹೆಚ್ಚು ಜನರಿಗೆ ದೀಕ್ಷಾಸ್ನಾನ ಕೊಟ್ಟರು. ಆ ಸಭೆಯ ಪದ್ಧತಿಯಲ್ಲಿ ತಲೆಗೆ ನೀರು ಚಿಮುಕಿಸಿದರೆ ಸಾಲದು, ಆಳನ್ನು ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿ ಮೇಲೆತ್ತಬೇಕು. ಒಬ್ಬರಾದ ಮೇಲೊಬ್ಬರನ್ನು ಹೀಗೆ ಎತ್ತುತ್ತ ಹೋದ ಹಾಗೆ, ತಮ್ಮ ಸಭೆಯವರು ಎಷ್ಟು ದಪ್ಪಗಾಗಿದ್ದಾರೆ ಎಂಬುದು ಅವರ ತೋಳಿಗೆ ಗೊತ್ತಾಯಿತು. ತಮ್ಮ ಮೈಯೂ ನೆನಪಾಯಿತು. ಮೂವತ್ತು ವರ್ಷಗಳಲ್ಲಿ ತಾವೇ ಸುಮಾರು 40 ಕಿಲೊ ಏರಿದ್ದೇವೆಂದು ಅವರು ಸಭೆಯ ಮುಂದೆ ಒಪ್ಪಿಕೊಂಡರು. ಜೊತೆಗೆ ಬರುವವರು ಯಾರು ಎಂದು ಕೇಳಿದರು.

2011ರ ಜನವರಿಯಲ್ಲಿ ಶುರುವಾದ ಆ ಕಾರ್ಯಕ್ರಮಕ್ಕೆ 'ಡೇನಿಯಲ್ ಪ್ಲಾನ್' ಎಂದು ಹೆಸರಿಟ್ಟರು. ಬಾಬೆಲಿನ ಅರಮನೆಯಲ್ಲಿ ರಾಜನ ಮಾಂಸ, ಮದ್ಯ ಬೇಡವೆಂದು ಹತ್ತು ದಿನ ಕಾಯಿಪಲ್ಯ ತಿಂದು ನೀರು ಕುಡಿದಿದ್ದ ದಾನಿಯೇಲನ ಹೆಸರು ಅದು. ಸುಮಾರು 15,000 ಜನ ಹೆಸರು ಬರೆಸಿದರು. ಮೊದಲ ವರ್ಷದಲ್ಲಿ ಎಲ್ಲರೂ ಸೇರಿ ಒಂದು ಲಕ್ಷ ಕಿಲೊಗೂ ಹೆಚ್ಚು ತೂಕ ಇಳಿಸಿದರೆಂದು ಚರ್ಚ್ ಹೇಳಿಕೊಂಡಿತು. ಲೆಕ್ಕ ಚರ್ಚಿನದೇ, ಹೊರಗಿನವರು ತೂಗಿ ನೋಡಿದ್ದಲ್ಲ. ಆದರೂ ಆ ಲೆಕ್ಕದಲ್ಲಿ ಒಂದು ಅಂಶ ಗಮನಿಸಬೇಕು. ಒಬ್ಬೊಬ್ಬರೇ ಪ್ರಯತ್ನ ಪಟ್ಟವರಿಗಿಂತ, ವಾರವಾರ ಸಣ್ಣ ಗುಂಪಿನಲ್ಲಿ ಕೂತು ಪ್ರಾರ್ಥಿಸಿ, ಊಟ ನಡಿಗೆಗಳ ವರದಿ ಒಪ್ಪಿಸಿದವರು ಸುಮಾರು ಇಮ್ಮಡಿ ತೂಕ ಇಳಿಸಿದ್ದರಂತೆ.

ವೈದ್ಯರು ಹೇಳಿದಾಗ ಏಳದ ಕಾಲು ದೇವರ ಹೆಸರಿನಲ್ಲಿ ಏಳುತ್ತದೆಯೇ? ಇದು ಅಮೆರಿಕದ ಭಕ್ತರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ. ಐಸಿಎಂಆರ್ ಮತ್ತು ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಮೈಗೆ ಸಾಕಷ್ಟು ಕೆಲಸ ಕೊಡದವರು ನಮ್ಮ ವಯಸ್ಕರಲ್ಲಿ ಹತ್ತಿರಹತ್ತಿರ ಅರ್ಧದಷ್ಟು, ಅವರಲ್ಲೂ ಹೆಂಗಸರೇ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ತಿಳಿಸಿದರು. ಏನು ಮಾಡಬೇಕೆಂಬುದು ಇವರಲ್ಲಿ ಬಹುತೇಕರಿಗೆ ಗೊತ್ತು. ಮಾಡಲು ಮನಸ್ಸು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಮನಸ್ಸು ನಿಲ್ಲಿಸುವ ಕೆಲಸದಲ್ಲಿ ಧರ್ಮಗಳಿಗೆ ಸಾವಿರಾರು ವರ್ಷಗಳ ಅನುಭವವಿದೆ.

ಕ್ರೈಸ್ತರು ಈ ವಿಷಯದಲ್ಲಿ ಮೊದಲು ನೆನೆಯುವುದು ಪೌಲನನ್ನು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಅವನು ದೇಹವನ್ನು ಪವಿತ್ರಾತ್ಮನ ಆಲಯವೆಂದು ಕರೆಯುತ್ತಾನೆ. ಬಸವಣ್ಣನವರನ್ನು ಓದಿ ಬೆಳೆದ ಕನ್ನಡಿಗರಿಗೆ ಈ ಮಾತು ಹೊಸದಾಗಿ ಕೇಳಿಸದು. ಆದರೆ ಪೌಲ ಅಲ್ಲಿ ವ್ಯಾಯಾಮದ ಬಗ್ಗೆ ಹೇಳುತ್ತಿಲ್ಲ. ಕೊರಿಂಥದ ಸಭೆಯಲ್ಲಿ ಹಬ್ಬಿದ್ದ ವ್ಯಭಿಚಾರವನ್ನು ಖಂಡಿಸುತ್ತಿದ್ದಾನೆ. ಆ ಒಂದು ವಾಕ್ಯವನ್ನು ಕಿತ್ತು ಜಿಮ್ಮಿನ ಗೋಡೆಗೆ ಅಂಟಿಸುವವರು ಪೂರ್ತಿ ಅಧ್ಯಾಯ ಓದುವುದು ಒಳ್ಳೆಯದು. ವ್ಯಾಯಾಮಕ್ಕೆ ಹತ್ತಿರವಾದ ಮಾತು ಬರುವುದು ಒಂಬತ್ತನೆಯ ಅಧ್ಯಾಯದಲ್ಲಿ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತಮಿಯನ್ ಕ್ರೀಡೋತ್ಸವ ನಡೆಯುತ್ತಿತ್ತು. ಓಟಗಾರ, ಮುಷ್ಟಿಕಾಳಗದವ, ಬಾಡಿಹೋಗುವ ಎಲೆಯ ಕಿರೀಟ, ಅದಕ್ಕಾಗಿ ತಿಂಗಳುಗಟ್ಟಲೆ ಪಥ್ಯ, ಇವೆಲ್ಲ ಆ ಊರಿನವರು ಕಣ್ಣಾರೆ ಕಂಡಿದ್ದ ಸಂಗತಿಗಳು. ಪೌಲ ಅವನ್ನೇ ಹಿಡಿದು ಆತ್ಮಸಂಯಮ ಬೋಧಿಸಿದ. ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ದೇಹಸಾಧನೆಗೆ ಸ್ವಲ್ಪ ಪ್ರಯೋಜನವಿದೆ, ಭಕ್ತಿಗೆ ಅದಕ್ಕಿಂತ ಹೆಚ್ಚು ಎಂಬ ತೂಕದ ಮಾತಿದೆ. ಪ್ರಯೋಜನವೇ ಇಲ್ಲ ಎಂದಿಲ್ಲ.

ಎಲ್ಲ ಕಾಲದ ಕ್ರೈಸ್ತರೂ ಈ ತೂಕ ಕಾಪಾಡಿಕೊಂಡರು ಎನ್ನಲಾಗದು. ಮೈಯನ್ನು ದಂಡಿಸಿದಷ್ಟೂ ಆತ್ಮ ಶುದ್ಧವಾಗುತ್ತದೆ ಎಂದು ನಂಬಿ ನಿದ್ದೆ, ಊಟ ಬಿಟ್ಟವರಿದ್ದರು. ಅದರ ನಡುವೆಯೇ ಆರನೆಯ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ಪ್ರಾರ್ಥನೆಯ ಜೊತೆ ಮೈಮುರಿದು ದುಡಿಯುವುದನ್ನೂ ಹಿತಮಿತದ ಊಟವನ್ನೂ ನಿಯಮ ಮಾಡಿದ.

ಆಧುನಿಕ ಕಾಲಕ್ಕೆ ಬಂದರೆ ಜಾನ್ ವೆಸ್ಲಿಯಷ್ಟು ಆರೋಗ್ಯದ ಚಿಂತೆ ಮಾಡಿದ ಧರ್ಮಬೋಧಕ ಸಿಗುವುದು ಕಷ್ಟ. ಮೆಥಡಿಸ್ಟ್ ಪಂಥದ ಮೂಲಪುರುಷನಾದ ಈತ 1747ರಲ್ಲಿ 'ಪ್ರಿಮಿಟಿವ್ ಫಿಸಿಕ್' ಎಂಬ ಮನೆಮದ್ದಿನ ಪುಸ್ತಕ ಹೊರತಂದ. ವೈದ್ಯರಿಗೆ ಕೊಡಲು ಕಾಸಿಲ್ಲದ ಬಡವರಿಗಾಗಿ ಬರೆದದ್ದದು, ಮುದ್ರಣದ ಮೇಲೆ ಮುದ್ರಣ ಕಂಡಿತು. ಒಳಗಿನ ಎಷ್ಟೋ ಮದ್ದುಗಳನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಮುನ್ನುಡಿ ಈಗಲೂ ಓದುವಂತಿದೆ. ಸಾದಾ ಊಟ ಮಾಡಿ, ನೀರು ಕುಡಿಯಿರಿ, ಬೇಗ ಮಲಗಿ ಬೇಗ ಏಳಿ, ದಿನವೂ ನಡೆಯಿರಿ, ಓದು ಬರಹ ಹೆಚ್ಚಿರುವವರು ನಿಂತುಕೊಂಡೇ ಓದುವ ಬರೆಯುವ ರೂಢಿ ಮಾಡಿಕೊಳ್ಳಿ ಎಂದು ಆತ ಬೋಧಿಸಿದ. ಇಂದು ಬೆಂಗಳೂರಿನ ಐಟಿ ಕಚೇರಿಗಳು ದುಡ್ಡು ಕೊಟ್ಟು ತರಿಸುವ ಎತ್ತರದ ಮೇಜಿನ ಹಿಂದಿರುವ ತಿಳಿವಳಿಕೆ ಇದೇ. ಊರೂರು ಕುದುರೆಯ ಮೇಲೆ ಸುತ್ತಿ ಬೋಧಿಸಿದ ವೆಸ್ಲಿ 87 ವರ್ಷ ಬದುಕಿದ.

ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ 'ಮಸ್ಕ್ಯುಲರ್ ಕ್ರಿಶ್ಚಿಯಾನಿಟಿ' ಎಂಬ ಅಲೆ ಎದ್ದಿತು. ಕಾದಂಬರಿಕಾರರಾದ ಚಾರ್ಲ್ಸ್ ಕಿಂಗ್ಸ್ಲಿ, ಥಾಮಸ್ ಹ್ಯೂಸ್ ಅದರ ಮುಂದಾಳುಗಳು. ಬಲವಾದ ಮೈ ದೀನರ ರಕ್ಷಣೆಗೆ, ಸೇವೆಗೆ ಎಂಬುದು ಅವರ ವಾದ. ಗಂಡಸುತನದ ಗರ್ವ, ಸಾಮ್ರಾಜ್ಯದ ಅಹಂಕಾರ ಎರಡೂ ಅದರಲ್ಲಿ ಬೆರೆತಿದ್ದವು. ವಸಾಹತುಗಳ ಜನರನ್ನು ಮೈಯಿಂದಲೂ ಮನಸ್ಸಿನಿಂದಲೂ ದುರ್ಬಲರೆಂದು ಕಂಡ ಆ ದೃಷ್ಟಿಯನ್ನು ಮರೆತು ಈ ಚಳವಳಿಯನ್ನು ಹೊಗಳುವುದು ನ್ಯಾಯವಲ್ಲ. ಆದರೆ ಅದೇ ಹರಿವಿನಲ್ಲಿ ಬಂದ ವೈಎಂಸಿಎ ಜಗತ್ತಿನ ಆಟದ ಮೈದಾನಗಳನ್ನೇ ಬದಲಿಸಿತು.

ಲಂಡನ್ನಿನ ಬಟ್ಟೆ ಅಂಗಡಿಯ ನೌಕರ ಜಾರ್ಜ್ ವಿಲಿಯಮ್ಸ್ 1844ರಲ್ಲಿ ಗೆಳೆಯರ ಜೊತೆ ಸೇರಿ ವೈಎಂಸಿಎ ಹುಟ್ಟುಹಾಕಿದಾಗ ಅದು ಬೈಬಲ್ ಓದುವ, ಪ್ರಾರ್ಥಿಸುವ ಕೂಟ. ವ್ಯಾಯಾಮಶಾಲೆ ಆಮೇಲೆ ಬಂತು. ಆತ್ಮ, ಮನಸ್ಸು, ದೇಹ ಮೂರೂ ಸೇರಿದರೆ ಮನುಷ್ಯ ಎಂದು ಸಾರುವ ತ್ರಿಕೋನವನ್ನು ಸಂಸ್ಥೆಗೆ ಕೊಟ್ಟವರು ಅಮೆರಿಕದ ಲೂಥರ್ ಗುಲಿಕ್. ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ ಅವರ ಕೈಕೆಳಗೆ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರಿದ್ದರು. ಮಾಂಟ್ರಿಯಲ್‌ನಲ್ಲಿ ದೇವಶಾಸ್ತ್ರ ಓದಿ ಮುಗಿಸಿದವರು, ಪ್ರಸಂಗವೇದಿಕೆಗಿಂತ ಆಟದ ಮೈದಾನದಲ್ಲೇ ಹುಡುಗರನ್ನು ತಿದ್ದಬಹುದೆಂದು ಈ ಕಡೆ ಬಂದಿದ್ದರು. 1891ರ ಚಳಿಗಾಲ, ಹೊರಗೆ ಹಿಮ. ಒಳಗೆ ಕವಾಯತು ಮಾಡಿ ಮಾಡಿ ಬೇಸತ್ತ 18 ಮಂದಿಯ ತರಗತಿ. ಇವರನ್ನು ಹಿಡಿದಿಡುವ ಒಳಾಂಗಣದ ಆಟವೊಂದನ್ನು ಎರಡು ವಾರದಲ್ಲಿ ಹುಡುಕು ಎಂದು ಗುಲಿಕ್ ಹೇಳಿದ್ದರು. ನೈಸ್ಮಿತ್ ಕೇಳಿದ್ದು ಎರಡು ಪೆಟ್ಟಿಗೆ, ಜವಾನ ತಂದುಕೊಟ್ಟದ್ದು ಪೀಚ್ ಹಣ್ಣಿನ ಎರಡು ಬುಟ್ಟಿ. ಅವನ್ನೇ ಮೊಗಸಾಲೆಯ ಕಟಕಟೆಗೆ ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿ, 13 ನಿಯಮ ಬರೆದು ಗೋಡೆಗೆ ಹಚ್ಚಿದರು. ಚೆಂಡು ಹಿಡಿದು ಓಡುವಂತಿಲ್ಲ, ನೂಕುವಂತಿಲ್ಲ, ಹೊಡೆಯುವಂತಿಲ್ಲ. ಬುಟ್ಟಿಗೆ ಬಿದ್ದ ಚೆಂಡನ್ನು ಹತ್ತಿಹೋಗಿ ತೆಗೆಯಬೇಕಿತ್ತು. ಬಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ. ನಾಲ್ಕು ವರ್ಷದ ಮೇಲೆ ಪಕ್ಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲ್ ರೂಪಿಸಿದರು. ಇಂದು ಕರ್ನಾಟಕದ ಯಾವ ಹಳ್ಳಿಯ ಶಾಲೆಗೆ ಹೋದರೂ ಎರಡು ಕಂಬದ ನಡುವೆ ಕಟ್ಟಿದ ವಾಲಿಬಾಲ್ ನೆಟ್ ಕಾಣುತ್ತದೆ. ಅದರ ಬೇರು ಒಂದು ಪ್ರಾರ್ಥನಾ ಕೂಟದಲ್ಲಿದೆ ಎಂದು ಆಡುವ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಸ್ಪ್ರಿಂಗ್‌ಫೀಲ್ಡ್‌ನಿಂದ ಒಂದು ದಾರಿ ನೇರ ಮದ್ರಾಸಿಗೂ ಬಂತು. ಅಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎಯ ದೈಹಿಕ ಶಿಕ್ಷಣ ಶಾಲೆ ತೆರೆದರು. ದಕ್ಷಿಣದ ಎಷ್ಟೋ ಪಿ.ಟಿ. ಮೇಷ್ಟ್ರುಗಳು ಅಲ್ಲಿ ತಯಾರಾದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಆಟಗಾರರನ್ನು ಕರೆದುಕೊಂಡು ಹೋದವರೂ ಇದೇ ಬಕ್. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಕಟ್ಟಿದಾಗ ದೊರಾಬ್ಜಿ ಟಾಟಾ ಅಧ್ಯಕ್ಷರಾದರೆ, ಕಾರ್ಯದರ್ಶಿಯಾದವರು ವೈಎಂಸಿಎಯ ನೋರೆನ್. ಅದೇ ಪ್ಯಾರಿಸ್ ಕೂಟದಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಭಾನುವಾರ ಓಡಲೊಲ್ಲೆನೆಂದು 100 ಮೀಟರ್ ಬಿಟ್ಟು, 400 ಮೀಟರ್ ಓಟವನ್ನು 47.6 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಮರುವರ್ಷ ಚೀನಾಕ್ಕೆ ಮಿಷನರಿಯಾಗಿ ಹೋದರು.

ಕ್ರೀಡಾಪಟುಗಳ ಕಥೆ ಸ್ಫೂರ್ತಿ ಕೊಡುತ್ತದೆ, ಆದರೆ ಸಾಮಾನ್ಯರ ಆರೋಗ್ಯಕ್ಕೆ ಅದು ಪುರಾವೆಯಲ್ಲ. ಪುರಾವೆ ಬೇಕಾದವರು ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ಊರಿನ ಕಡೆ ನೋಡಬೇಕು. ಅದು ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರ ದೊಡ್ಡ ನೆಲೆ. ಬೆಂಗಳೂರಿನ ದೂರವಾಣಿನಗರದ ಲೌರಿ ಶಿಕ್ಷಣ ಸಂಸ್ಥೆಯನ್ನು ಬಲ್ಲವರಿಗೆ ಈ ಸಭೆಯ ಪರಿಚಯವಿರುತ್ತದೆ. ಇವರ ಧರ್ಮಮಾತೆ ಎಲೆನ್ ವೈಟ್ 1863ರಿಂದ ಆರೋಗ್ಯವನ್ನು ಭಕ್ತಿಯ ಭಾಗವಾಗಿ ಬೋಧಿಸಿದರು. ಹೊಗೆಸೊಪ್ಪು ಮುಟ್ಟುವುದಿಲ್ಲ, ಮದ್ಯವಿಲ್ಲ, ಬಹಳ ಮಂದಿ ಮಾಂಸವನ್ನೂ ತಿನ್ನುವುದಿಲ್ಲ, ಶನಿವಾರ ಸಂಪೂರ್ಣ ವಿಶ್ರಾಂತಿ. ಸುಮಾರು 34,000 ಅಡ್ವೆಂಟಿಸ್ಟರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2001ರಲ್ಲಿ ಬಂತು. ಕ್ಯಾಲಿಫೋರ್ನಿಯಾದ ಇತರ ಬಿಳಿಯರಿಗಿಂತ ಅಡ್ವೆಂಟಿಸ್ಟ್ ಗಂಡಸರು 7.3 ವರ್ಷ, ಹೆಂಗಸರು 4.4 ವರ್ಷ ಹೆಚ್ಚು ಬದುಕುತ್ತಿದ್ದರು. ಅವರಲ್ಲೇ ವಾರಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಾದಾಮಿ, ಅಕ್ರೋಟಿನಂಥ ಬೀಜಗಳನ್ನು ತಿನ್ನುವವರಿಗೆ ಹೃದಯಾಘಾತ ಕಡಿಮೆ ಎಂಬುದೂ ಇದೇ ಅಧ್ಯಯನದಿಂದ ಗೊತ್ತಾದದ್ದು.

ಸಿಗರೇಟು, ಮದ್ಯ ಬಿಟ್ಟ ಯಾರಿಗಾದರೂ ಆಯುಸ್ಸು ಹೆಚ್ಚುತ್ತದಲ್ಲ, ಇದರಲ್ಲಿ ಧರ್ಮದ ಪಾಲೇನು ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಇಡೀ ಸಮುದಾಯವೊಂದು ತಲೆಮಾರುಗಳ ಕಾಲ ಅವನ್ನು ಬಿಟ್ಟು ಬದುಕುವಂತೆ ಮಾಡಿದ್ದು ಯಾವುದು? ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆ ಅಚ್ಚು ಹಾಕುವುದಕ್ಕೆ ಎಷ್ಟೋ ದಶಕ ಮೊದಲೇ ಅಲ್ಲಿನ ಮಕ್ಕಳು ಸಿಗರೇಟಿಲ್ಲದ ಮನೆ, ಸಿಗರೇಟಿಲ್ಲದ ಬೀದಿಯಲ್ಲಿ ಬೆಳೆಯುತ್ತಿದ್ದರು. ಧರ್ಮದ ಪಾಲು ಅಲ್ಲಿದೆ.

ಉಪವಾಸದ ಫಲವನ್ನು ಗ್ರೀಸಿನವರು ಅಳೆದಿದ್ದಾರೆ. ಆರ್ಥೊಡಾಕ್ಸ್ ಪಂಥದ ನಿಷ್ಠಾವಂತರು ವರ್ಷದಲ್ಲಿ 180ರಿಂದ 200 ದಿನ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಕ್ರೀಟ್ ದ್ವೀಪದಲ್ಲಿ ಉಪವಾಸ ಹಿಡಿಯುವ 60 ಮಂದಿಯನ್ನೂ ಹಿಡಿಯದ 60 ಮಂದಿಯನ್ನೂ ಒಂದು ವರ್ಷ ಪರೀಕ್ಷಿಸಿ 2003ರಲ್ಲಿ ವರದಿ ಕೊಟ್ಟರು. ವ್ರತದ ಕೊನೆಯಲ್ಲಿ ಹಿಡಿದವರ ಕೊಲೆಸ್ಟರಾಲ್ ಸ್ಪಷ್ಟವಾಗಿ ತಗ್ಗಿತ್ತು.

ನಮ್ಮ ಕ್ರೈಸ್ತರ ಪಂಚಾಂಗದಲ್ಲೂ ಈ ಶಿಸ್ತು ಉಳಿದಿದೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸು ಕಾಲದಲ್ಲಿ ಮಾಂಸ, ಮದ್ಯ ಬಿಡುವ ಮನೆಗಳು ಮಂಗಳೂರಿನಿಂದ ಬೀದರಿನವರೆಗೂ ಇವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕರಾವಳಿಯ ಕೆಥೊಲಿಕರು ಹೊಸ ತೆನೆ ಆಶೀರ್ವದಿಸಿ, ಮಾಂಸ ಮೀನು ಬಿಟ್ಟು ಬಗೆಬಗೆಯ ತರಕಾರಿಯ ಊಟ ಮಾಡುತ್ತಾರೆ. ಅದೇ ಹಬ್ಬಕ್ಕೆ ವೇಳಾಂಗಣಿ ತಲುಪಬೇಕೆಂದು ಬೆಂಗಳೂರಿನಿಂದ ಕಾವಿ ಬಟ್ಟೆ ತೊಟ್ಟು ನಡೆದು ಹೋಗುವ ಗುಂಪುಗಳಿವೆ. ಮೂರು ಹೆಜ್ಜೆ ಹೆಚ್ಚು ನಡೆಯಬೇಕಾದರೆ ಆಟೊ ಕರೆಯುವವರೇ ಹರಕೆ ಹೊತ್ತರೆ ನೂರಾರು ಮೈಲಿ ನಡೆಯುತ್ತಾರೆ. ವಿಶ್ವಾಸಕ್ಕೆ ಕಾಲೆಬ್ಬಿಸುವ ಶಕ್ತಿಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಹರಕೆ ತೀರಿದ ಮೇಲೆ ನಡಿಗೆ ನಿಲ್ಲುತ್ತದೆ, ತಪಸ್ಸು ಕಾಲ ಮುಗಿದ ಭಾನುವಾರವೇ ಹಂದಿಮಾಂಸದ ಪಾತ್ರೆ ಒಲೆಗೇರುತ್ತದೆ. ಕ್ರಿಸ್ಮಸ್ಸಿನ ಕುಸ್ವಾರ್ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ರೋಸ್ ಕುಕೀಸ್ ಎಲ್ಲವೂ ಎಣ್ಣೆಯಲ್ಲಿ ಕರಿದವು.

ಈ ಇನ್ನೊಂದು ಮುಖವನ್ನೂ ಸಂಶೋಧಕರು ಬಿಟ್ಟಿಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2,433 ಯುವಕ ಯುವತಿಯರನ್ನು 18 ವರ್ಷ ಗಮನಿಸಿ 2011ರಲ್ಲಿ ಹೇಳಿದ್ದೇನೆಂದರೆ, ಧಾರ್ಮಿಕ ಕೂಟಗಳಿಗೆ ತಪ್ಪದೆ ಹೋಗುವವರು ನಡುವಯಸ್ಸಿಗೆ ಬೊಜ್ಜು ಬೆಳೆಸಿಕೊಳ್ಳುವ ಸಂಭವ ಶೇ 50ರಷ್ಟು ಹೆಚ್ಚು. ನಾರ್ತ್ ಕೆರೊಲಿನಾದ ಮೆಥಡಿಸ್ಟ್ ಸಭಾಪಾಲಕರ ಆರೋಗ್ಯದ ಸಮೀಕ್ಷೆ ನಡೆಸಿದ ಡ್ಯೂಕ್ ವಿಶ್ವವಿದ್ಯಾಲಯದವರಿಗೆ ಸಿಕ್ಕಿದ್ದು ಇನ್ನೂ ಕಳವಳದ ಸಂಗತಿ. ಅವರಲ್ಲಿ ಶೇ 40ರಷ್ಟು ಮಂದಿಗೆ ಬೊಜ್ಜು, ಅದೇ ರಾಜ್ಯದ ಇತರರಿಗಿಂತ ಹತ್ತು ಅಂಶ ಜಾಸ್ತಿ. ವೆಸ್ಲಿಯ ವಾರಸುದಾರರ ಸ್ಥಿತಿ ಇದು. ಹೊತ್ತಲ್ಲದ ಹೊತ್ತಿನಲ್ಲಿ ಕರೆ, ಬೇರೆಯವರ ದುಃಖ ಹೊರುವ ಒತ್ತಡ, ಹೋದ ಮನೆಯಲ್ಲೆಲ್ಲ ತಟ್ಟೆ ಮುಂದಿಡುವ ಪ್ರೀತಿ. ಬೇಡವೆಂದರೆ ಮನೆಯವರು ನೊಂದುಕೊಳ್ಳುತ್ತಾರೆ. ನಮ್ಮ ಫಾದರುಗಳೂ ಸಭಾಪಾಲಕರೂ ಇದನ್ನು ಓದಿ ತಲೆದೂಗುವುದು ಖಂಡಿತ.

ದೇವರ ನೆನಪು ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಕ್ರಿಸ್ಟಿನ್ ಲಾರಿನ್ ಮತ್ತು ಸಂಗಡಿಗರು 2012ರಲ್ಲಿ ಸರಣಿ ಪ್ರಯೋಗಗಳಿಂದ ಪರೀಕ್ಷಿಸಿದರು. ದೇವರ ನೆನಪು ಬಂದವರು ಆಸೆಯನ್ನು ತಡೆಯುವುದರಲ್ಲಿ ಗಟ್ಟಿಯಾದರು, ಎದುರಿಗಿಟ್ಟ ತಿಂಡಿಯಿಂದ ಕೈ ಹಿಂದೆಗೆದರು. ಆದರೆ ಗುರಿಯ ಕಡೆ ತಾವಾಗಿ ದುಡಿಯುವ ಹುಮ್ಮಸ್ಸು ತಗ್ಗಿತು. ತಮ್ಮ ಬದುಕಿನ ಫಲಾಫಲ ದೇವರ ಕೈಯಲ್ಲಿದೆ ಎಂದು ನಂಬುವವರಲ್ಲಿ ಹುಮ್ಮಸ್ಸು ತಗ್ಗಿದ್ದು ಎದ್ದು ಕಂಡಿತು. ದೇವರು ನೋಡಿಕೊಳ್ಳುತ್ತಾನೆ ಎಂಬ ಮಾತು ಕೆಲವೊಮ್ಮೆ ಸೋಮಾರಿತನಕ್ಕೆ ಹೊದಿಕೆಯಾಗುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆ ಬಿಟ್ಟು ಪ್ರಾರ್ಥನೆಗೆ ಕೂರುವ ಸಕ್ಕರೆ ಕಾಯಿಲೆಯವರನ್ನು ಕಂಡವರಿಗೆ ಇದರ ಅಪಾಯ ವಿವರಿಸಬೇಕಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ನಾಚಿಕೆಯದು. 1957ರಲ್ಲಿ ಪ್ರೆಸ್ಬಿಟೇರಿಯನ್ ಬೋಧಕ ಚಾರ್ಲಿ ಶೆಡ್ ಪ್ರಾರ್ಥನೆಯಿಂದಲೇ ತೂಕ ಇಳಿಸುವ ಪುಸ್ತಕ ಬರೆದ ದಿನದಿಂದ ಅಮೆರಿಕದಲ್ಲಿ ಭಕ್ತಿಯ ಪಥ್ಯ ಒಂದು ಉದ್ಯಮವಾಗಿದೆ. ಆ ಪುಸ್ತಕಗಳಲ್ಲಿ ಕೊಬ್ಬು ಪಾಪದ ಗುರುತು. ಟೆನೆಸ್ಸಿಯ ಗ್ವೆನ್ ಶ್ಯಾಂಬ್ಲಿನ್ 1986ರಲ್ಲಿ ಆರಂಭಿಸಿದ 'ವೇ ಡೌನ್' ಶಿಬಿರಗಳು ಸಾವಿರಾರು ಚರ್ಚುಗಳಿಗೆ ಹರಡಿದವು. ಹೊಟ್ಟೆ ನಿಜವಾಗಿ ಹಸಿದಾಗ ಮಾತ್ರ ತಿನ್ನಿ ಎಂಬ ಅವರ ಮೊದಲ ಬೋಧನೆಯಲ್ಲಿ ತಪ್ಪೇನಿರಲಿಲ್ಲ. ಮೈತೂಕವೇ ದೇವರಿಗೆ ತೋರುವ ವಿಧೇಯತೆಯ ಅಳತೆಗೋಲಾಗುತ್ತ ಬಂದಾಗ ಕೇಡು ಶುರುವಾಯಿತು. 1999ರಲ್ಲಿ ಅವರು ಸ್ವಂತ ಚರ್ಚ್ ಕಟ್ಟಿದರು. ತ್ರಯೇಕ ತತ್ತ್ವವನ್ನು ನಿರಾಕರಿಸಿದ ಮೇಲೆ ಬಹಳ ಚರ್ಚುಗಳು ದೂರ ಸರಿದವು. ಒಳಗಿದ್ದು ಹೊರಬಂದವರು ಅಲ್ಲಿನ ಬಿಗಿಹಿಡಿತದ ಬಗ್ಗೆ ದೂರಿದರು. 2021ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಥೈರಾಯ್ಡ್ ತೊಂದರೆಯಿಂದ, ಔಷಧಿಯಿಂದ, ಹೆರಿಗೆಯಿಂದ, ವಂಶವಾಹಿಯಿಂದ ಮೈ ಬಂದ ಹೆಣ್ಣುಮಗಳೊಬ್ಬಳು ಚರ್ಚಿನಲ್ಲಿ ಕೂತು ತಾನು ಪಾಪಿ ಎಂದುಕೊಳ್ಳುವಂತಾದರೆ ಅದು ಸುವಾರ್ತೆಯಲ್ಲ. ಎಲೀಯ ಸೋತು ಸಾವನ್ನು ಬೇಡಿ ಮರದಡಿ ಮಲಗಿದಾಗ ದೇವದೂತ ಬಂದು ಕೊಟ್ಟದ್ದು ರೊಟ್ಟಿ ಮತ್ತು ನೀರು. ಎರಡು ಸಲ ತಿನ್ನಿಸಿ ಮಲಗಿಸಿದ ಮೇಲೆ ಅವನನ್ನು ದಾರಿ ಹಿಡಿಸಿದ. ಬೈದಿರಲಿಲ್ಲ.

ಹಾಗಾದರೆ ವಿಶ್ವಾಸದಲ್ಲಿ ಕೆಲಸ ಮಾಡುವುದು ಯಾವುದು? ಅಮೆರಿಕದ 74,000ಕ್ಕೂ ಹೆಚ್ಚು ದಾದಿಯರನ್ನು 16 ವರ್ಷ ಅಧ್ಯಯನ ಮಾಡಿ ಹಾರ್ವರ್ಡಿನವರು 2016ರಲ್ಲಿ ಪ್ರಕಟಿಸಿದ ವರದಿ ಉತ್ತರಕ್ಕೆ ಹತ್ತಿರ ಬರುತ್ತದೆ. ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ಆರಾಧನೆಗೆ ಹೋಗುವವರಲ್ಲಿ, ಹೋಗದವರಿಗೆ ಹೋಲಿಸಿದರೆ, ಸಾವಿನ ಪ್ರಮಾಣ ಶೇ 33ರಷ್ಟು ಕಡಿಮೆ ಇತ್ತು. ಆ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗಕ್ಕೆ ಕಾರಣ ಜನರ ಒತ್ತಾಸೆ. ಹೆಚ್ಚುಕಡಿಮೆ ಅಷ್ಟೇ ಪಾಲು ಧೂಮಪಾನ ಕಡಿಮೆಯಿದ್ದದ್ದಕ್ಕೆ ಸೇರುತ್ತದೆ. ಸೌತ್ ಕೆರೊಲಿನಾದ ಕಪ್ಪುಜನರ 74 ಚರ್ಚುಗಳಲ್ಲಿ ಸಾರಾ ವಿಲ್ಕಾಕ್ಸ್ ತಂಡ ನಡೆಸಿದ ಪ್ರಯೋಗ ಇನ್ನೊಂದು ಪಾಠ ಕಲಿಸುತ್ತದೆ. ಅವರು ಭಕ್ತರಿಗೆ ಉಪದೇಶ ಮಾಡುವುದಕ್ಕಿಂತ ಚರ್ಚನ್ನೇ ಬದಲಿಸಲು ಹೊರಟರು. ಅಡುಗೆಯವರಿಗೆ ತರಬೇತಿ ಕೊಟ್ಟರು, ಬೋಧಕರಿಗೆ ವೇದಿಕೆಯಿಂದ ಹೇಳಲು ವಿಷಯ ಒದಗಿಸಿದರು. ಫಲ ದೊಡ್ಡದಾಗಿರಲಿಲ್ಲ. ಬಿಡುವಿನ ಹೊತ್ತಿನ ನಡಿಗೆ, ವ್ಯಾಯಾಮ ಸ್ವಲ್ಪ ಹೆಚ್ಚಿತು, ರಕ್ತದೊತ್ತಡ ಇಳಿಯಲಿಲ್ಲ. ಆದರೂ ದಾರಿ ಸರಿಯಾದದ್ದು. ಒಬ್ಬನ ಛಲ ಮೂರು ತಿಂಗಳಿಗೆ ಬಾಡುತ್ತದೆ. ಐದೂವರೆಗೆ ಗೇಟಿನ ಮುಂದೆ ಕಾಯುವ ನಾಲ್ವರಿದ್ದರೆ ಮಳೆಗಾಲದಲ್ಲೂ ಚಪ್ಪಲಿ ಹಾಕಬೇಕಾಗುತ್ತದೆ.

ಯೋಗದ ವಿಷಯದಲ್ಲಿ ನಮ್ಮ ಕ್ರೈಸ್ತರಿಗೆ ಅಳುಕಿದೆ. ಕೇರಳದ ಸಿರೋ ಮಲಬಾರ್ ಚರ್ಚಿನ ತತ್ತ್ವ ಆಯೋಗ 2018ರಲ್ಲಿ ಯೋಗವೂ ಕ್ರೈಸ್ತ ವಿಶ್ವಾಸವೂ ಹೊಂದುವುದಿಲ್ಲವೆಂದು ಹೇಳಿತು. ಅದಕ್ಕೆ ಬಹಳ ಮೊದಲೇ ಫ್ರೆಂಚ್ ಮಾತಾಡುವ ಬೆನೆಡಿಕ್ಟೀನ್ ಸನ್ಯಾಸಿ ದೆಶಾನೆ ಆಸನಗಳನ್ನು ಪ್ರಾರ್ಥನೆಗೆ ಜೋಡಿಸಿ ಪುಸ್ತಕ ಬರೆದಿದ್ದರು. ಒಪ್ಪುವವರು ಮಾಡಲಿ, ಮನಸ್ಸು ಒಪ್ಪದವರಿಗೆ ನಡಿಗೆಯಿದೆ, ಈಜಿದೆ, ಶಟಲ್ ಇದೆ. ಆಟಕ್ಕೂ ವಿಶ್ವಾಸಕ್ಕೂ ಇರುವ ನಂಟನ್ನು ಹೇಳಲು ವ್ಯಾಟಿಕನ್ 2018ರ ಜೂನ್‌ನಲ್ಲಿ ಕ್ರೀಡೆಯ ಬಗ್ಗೆಯೇ ಒಂದು ದಸ್ತಾವೇಜು ಹೊರಡಿಸಿದೆ.

ಕರ್ನಾಟಕದ ಚರ್ಚುಗಳ ಬಳಿ ಇದಕ್ಕೆ ಬೇಕಾದದ್ದೆಲ್ಲ ಇದೆ. ಕಾಂಪೌಂಡಿನೊಳಗೆ ಮೈದಾನವಿದೆ, ಪಕ್ಕದಲ್ಲೇ ಶಾಲೆಯಿದೆ, ಎಷ್ಟೋ ಕಡೆ ಆಸ್ಪತ್ರೆಯೂ ಇದೆ. ಮಂಗಳೂರಿನ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಜಾನ್ಸ್ ಹೆಸರು ಕೇಳದವರಿಲ್ಲ. ಕರಾವಳಿಯ ಕೆಥೊಲಿಕ್ ಚರ್ಚುಗಳ ಪ್ರತಿ ವಾಡೆಗೆ, ಅಂದರೆ ನೆರೆಹೊರೆಯ ಮನೆಗಳ ಗುಂಪಿಗೆ, ಮುಂದಾಳಾಗಿ ಒಬ್ಬರು ಗುರ್ಕಾರರಿದ್ದಾರೆ, ಸಿಎಸ್‌ಐ ಸಭೆಗಳಲ್ಲಿ ಮಹಿಳೆಯರ ಕೂಟ, ಯೌವನಸ್ಥರ ಕೂಟಗಳಿವೆ. ಬರುವ ತಪಸ್ಸು ಕಾಲದಲ್ಲಿ ಬಿಡುವುದರ ಜೊತೆಗೆ ಹಿಡಿಯುವುದನ್ನೂ ಒಂದು ಸೇರಿಸಬಹುದು: ವಾಡೆಯವರೆಲ್ಲ ಸೇರಿ ದಿನಕ್ಕೆ ಅರ್ಧ ಗಂಟೆ ನಡಿಗೆ. ಅದು ಈಸ್ಟರ್ ಆದ ಮೇಲೂ ನಿಲ್ಲದಿರಲಿ. ಪ್ರೀತಿ ಭೋಜನದ ಬಿರಿಯಾನಿಯ ಪಕ್ಕ ಒಂದು ದೊಡ್ಡ ಬೋಗುಣಿ ಕೋಸಂಬರಿ ಇಡಿ, ಸಕ್ಕರೆ ಕಾಯಿಲೆಯವರು ಮುಜುಗರವಿಲ್ಲದೆ ಎದ್ದುಹೋಗಿ ಬಡಿಸಿಕೊಳ್ಳಲಿ. ವರ್ಷಕ್ಕೆರಡು ಭಾನುವಾರ ಆರಾಧನೆ ಮುಗಿದ ಮೇಲೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ನಡೆಯಲಿ, ಸಭಾಪಾಲಕರೇ ಮೊದಲು ತೋಳು ಚಾಚಲಿ. ಮಾತ್ರೆ ನುಂಗುತ್ತಿರುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು ಉಪವಾಸ ಹಿಡಿಯುವ ಮೊದಲು ವೈದ್ಯರನ್ನು ಕೇಳಿ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕೊಡುವುದು ಚರ್ಚಿನ ಹಳೆಯ ಪದ್ಧತಿಯೇ.